ಹಿಂದಕ್ಕೆ ನಡೆದ ಲೋಟ

"ಬಲಗೈ ಬಿಡಿ ಸಾರ್. ಕಾಲಿಗೆ ಹೊಡೀರಿ, ಬೆನ್ನಿಗೆ ಹೊಡೀರಿ. ಬಲಗೈ ಒಂದು ಬಿಡಿ."

ನರಸಿಂಹಮೂರ್ತಿ ಬೇಡುತ್ತಿದ್ದುದು ಇಷ್ಟನ್ನೇ. ಸರ್ಕಲ್ ಇನ್‌ಸ್ಪೆಕ್ಟರ್ ಗಂಗುಲಪ್ಪನ ಬೂಟು ಆ ಬಲಗೈಯ ಮೇಲೆಯೇ ಇತ್ತು. ಹಿಮ್ಮಡಿ ತಿರುಗಿದಂತೆಲ್ಲ ಲಾಕಪ್ಪಿನ ಸಿಮೆಂಟು ನೆಲದಲ್ಲಿ ಬೆರಳುಗಳು ಸುಟ್ಟ ಎಲೆಯ ಹಾಗೆ ಮುದುಡಿ ಬಿಚ್ಚಿಕೊಳ್ಳುತ್ತಿದ್ದವು.

"ಯಾಕೋ, ಇನ್ನೂ ಗೊಂಬೆ ಬರೀಬೇಕಾ? ತಮ್ಮನ್ನ ಕೊಂದ ಕೈಯಾಗೆ?"

"ಕೊಂದಿಲ್ಲ ಸಾರ್."

ಲಾಠಿ ಬಾಯಿಗೆ ಬಿತ್ತು. ಮುರಿದ ಹಲ್ಲು ಉರುಳಿ ಬಂದು ಕಂಬಿಯ ಹೊರಗೆ ನಿಂತಿದ್ದ ಸಬ್ ಇನ್‌ಸ್ಪೆಕ್ಟರ್ ಹರಿಣಿಯ ಬೂಟಿಗೆ ತಾಗಿ ನಿಂತಿತು.

ತಮ್ಮ ಜಗನ್ ಸತ್ತಿದ್ದೂ ಹೀಗೆಯೇ, ಕೈಯಿಂದ ಶುರುವಾಗಿ. ಅಣ್ಣತಮ್ಮ ಇಬ್ಬರೂ ಕೆಲಸಕ್ಕಿದ್ದ ಚಿಕ್ಕಬಳ್ಳಾಪುರದ ಕಾರ್ಟೂನ್ ಸ್ಟುಡಿಯೋದಲ್ಲಿ, ತಾನು ಚಿತ್ರ ಬರೆಯುತ್ತಿದ್ದ ಬೆಳಕಿನ ಮೇಜಿನ ಮೇಲೆ ಅವನು ಮಕಾಡೆ ಬಿದ್ದಿದ್ದ. ಮೊದಲು ಬೆರಳು ಜಜ್ಜಿದ್ದರು. ಆಮೇಲೆ ಕಪಾಲಕ್ಕೆ. ಅಲ್ಲಿ ಸಾಲಾಗಿ ಮೂರು ತೂತು: ನಡುವಿನದು ಗುಂಡಗೆ, ಅಕ್ಕಪಕ್ಕದವು ಚಪ್ಪಟೆ. ಬರೆಯುವ ಕಾಗದ ಜರುಗದ ಹಾಗೆ ಹಿಡಿಯುವ ಉಕ್ಕಿನ ಪಟ್ಟಿಗೆ ಇಂಥವೇ ಮೂರು ಗೂಟಗಳಿರುತ್ತವೆ. ಕಾಗದಗಳಿಗೂ ಇಂಥವೇ ಮೂರು ತೂತು. ಸಾಯುವ ತನಕ ಕಾಗದ ಸಿಕ್ಕಿಸುತ್ತಿದ್ದವನನ್ನು ಕೊನೆಗೆ ಕಾಗದದ ಹಾಗೇ ಚುಚ್ಚಿದ್ದರು.

"ಸಾರ್, ಸ್ವಲ್ಪ ಹೊತ್ತು ಇವನನ್ನ ನಂಗೆ ಬಿಡಿ," ಎಂದಳು ಹರಿಣಿ. "ಹೆಣದ ಪಕ್ಕ ಸಿಕ್ಕ ಚಿತ್ರದಲ್ಲಿ ಯಾವುದಾದ್ರೂ ಕಮ್ಮಿ ಇದೆಯಾ ಅಂತ ಕೇಳ್ಬೇಕು."

ಗಂಗುಲಪ್ಪ ಬೆವರು ಒರೆಸಿಕೊಂಡ. "ಕೇಳು, ಕೇಳು. ನಿಮ್ಮೋನು ಅಂತ ಎಣ್ಣೆ ಗಿಣ್ಣೆ ಹಚ್ಚೀಯ ಮತ್ತೆ. ಅಲ್ಲಿ ನಂದಿ ತಪ್ಪಲಲ್ಲಿ ಫಾರಿನ್ನೋರು ಬಂದು ಕೂತವ್ರೆ. ಸಾಯಂಕಾಲ ಬಹುಮಾನ. ಅಷ್ಟರೊಳಗೆ ಕೇಸು ಕ್ಲೋಸ್ ಆಗ್ಬೇಕು ಅಂತ ಮೇಲಿಂದ ಬಂದೈತೆ. ಇವನು ಒಪ್ಕೊಂಡ್ರೆ ಜೈಲು. ಒಪ್ಕೊಳ್ದೆ ಹೋದ್ರೆ..."

ಅವನು ಮಾತು ಮುಗಿಸದೆ ಟೀ ಕುಡಿಯಲು ಹೋದ.

ನಿಮ್ಮೋನು. ಜಾತಿ ಹೆಸರಿಸದೆ ಜಾತಿ ಹೇಳುವ ಆ ಪದವನ್ನು ಹರಿಣಿ ಹೈಸ್ಕೂಲಿನಿಂದ ಕೇಳಿಕೊಂಡೇ ಬಂದಿದ್ದಳು. ಖಾಕಿ ತೊಟ್ಟ ಮೇಲೆ ಅದು ಕಡಿಮೆಯಾಗಿರಲಿಲ್ಲ. ಹೇಳುವವರ ದನಿ ಮಾತ್ರ ತಗ್ಗಿತ್ತು.

ಅವಳು ಒಳಗೆ ಹೋಗಿ ಕೂತು ಪ್ಲಾಸ್ಟಿಕ್ ಚೀಲದಿಂದ ಕಾಗದದ ಕಟ್ಟು ತೆಗೆದಳು. ಒಂದೊಂದು ಹಾಳೆಯ ಮೂಲೆಯಲ್ಲೂ ಅಂಕಿ, ಅಂಕಿಯ ಪಕ್ಕದಲ್ಲಿ ಹೆಬ್ಬೆಟ್ಟಿನಗಲದ ಕಂದು ಕಲೆ. ಬೆರಳಚ್ಚು ಇಲ್ಲ, ಬಟ್ಟೆಯ ನೇಯ್ಗೆಯ ಗುರುತು. ಕೈಗೆ ಬಟ್ಟೆ ಸುತ್ತಿಕೊಂಡವನು ನೆತ್ತರು ಹರಿದ ಮೇಲೆ ಹಾಳೆಗಳನ್ನು ಒಂದೊಂದಾಗಿ ಮುಟ್ಟಿದ್ದ. ಅಷ್ಟು ಗೊತ್ತಿತ್ತು. ಯಾಕೆ ಎನ್ನುವುದು ಗೊತ್ತಿರಲಿಲ್ಲ.

"ಮೂರ್ತಿ, ನೋಡಪ್ಪ. ಎಲ್ಲಾ ಇದೆಯಾ?"

ಅವನು ಕೋಳ ಬಿದ್ದಿದ್ದ ಎಡಗೈಯಲ್ಲಿ ಕಟ್ಟನ್ನು ಎಳೆದುಕೊಂಡ. ಊದಿಕೊಂಡ ಕಣ್ಣು ಒಂದೇ ತೆರೆಯುತ್ತಿತ್ತು. ಎಣಿಸುವುದು ಹಾಗಿರಲಿ, ಮೇಲಿನ ಹಾಳೆ ನೋಡಿಯೇ ಅವನು ನಿಂತುಬಿಟ್ಟ.

"ಇದನ್ನ ಹಿಂಗೆ ಯಾರು ಮೇಡಂ ಜೋಡ್ಸಿದ್ದು?"

"ಯಾರೂ ಜೋಡಿಸಿಲ್ಲ. ಮೇಜಿನ ಮೇಲೆ ಹಿಂಗೇ ಇತ್ತು. ನಾವು ಮುಟ್ಟೋಕೆ ಮುಂಚೆ ತೆಗೆದ ಫೋಟೋದಲ್ಲೂ ಹಿಂಗೇ ಇದೆ."

"ಒಂದನೇದು ಮೇಲಿದೆ."

"ಮೇಲೇ ಅಲ್ವಾ ಇರ್ಬೇಕಾಗಿದ್ದು?"

"ಪುಸ್ತಕದಲ್ಲಿ ಮೇಲೆ. ನಮ್ಮಲ್ಲಿ ಅಡೀಲಿ." ಅವನು ಕಟ್ಟಿನ ಅಂಚನ್ನು ಎಡಗೈಯ ಹೆಬ್ಬೆರಳಿನಿಂದ ಮೇಲಕ್ಕೆ ಬಾಗಿಸಿ, ಅಡಿಯಿಂದ ಒಂದೊಂದೇ ಹಾಳೆ ಬಿಡುತ್ತಾ ಬಂದ. ಹಾಳೆಗಳು ಪಟಪಟ ಬಿದ್ದವು. "ಬರೀತಾ ಬರೀತಾ ಹಿಂಗೆ ಬಿಟ್ಟು ನೋಡ್ತೀವಿ, ಗೊಂಬೆ ಸರಿಯಾಗಿ ಆಡ್ತಾ ಇದೆಯಾ ಅಂತ. ಬೆರಳು ಅಡಿಯಿಂದ ಬಿಡುತ್ತೆ. ಅದಕ್ಕೆ ಒಂದು ಅಡೀಲಿ, ಕೊನೇದು ಮೇಲೆ. ನಿದ್ದೇಲಿ ಎಬ್ಬಿಸಿ ಕೊಟ್ರೂ ನಾವು ಹಂಗೇ ಜೋಡಿಸೋದು. ಜಗ್ಗ ಮನೇಲಿ ಕರೆಂಟ್ ಬಿಲ್ಲೂ ಹಂಗೇ ಇಡ್ತಿದ್ದ. ಹಳೇದು ತಳಕ್ಕೆ ಹಾಕ್ತೀಯಲ್ಲೋ, ಹುಡುಕೋರು ಯಾರು ಅಂತ ಅಮ್ಮ ಬೈಯೋಳು."

ತಮ್ಮನ ಹೆಸರು ಬಾಯಿಗೆ ಬಂದದ್ದೇ ಅವನು ಗೋಡೆಗೆ ತಲೆಯಿಟ್ಟು ಸದ್ದಿಲ್ಲದೆ ಅತ್ತ. ತುಟಿಯ ರಕ್ತ ಕಾಗದಕ್ಕೆ ಬೀಳದ ಹಾಗೆ ಮುಖವನ್ನು ಆಚೆಗೆ ತಿರುಗಿಸಿಕೊಂಡಿದ್ದ.

ಹರಿಣಿ ಮೇಲಿನ ಹಾಳೆಯ ಅಂಕಿಯನ್ನು ಮತ್ತೊಮ್ಮೆ ನೋಡಿದಳು. ಕಾಗದ ಜೋಡಿಸಿದವನು ಕೊಂದವನು. ಕೊಂದವನಿಗೆ ಚಿತ್ರ ಬರೆಯಲು ಬರುವುದಿಲ್ಲ. ಹಾಗಿದ್ದರೆ ಇವನಲ್ಲ. ಸ್ಟುಡಿಯೋದಲ್ಲಿ ಮೇಜಿನ ಮುಂದೆ ಕೂರುವ ಯಾವ ಹುಡುಗ ಹುಡುಗಿಯೂ ಅಲ್ಲ.

ಹಾಳೆಗಳೆಲ್ಲ ಇವೆಯೇ ಎಂದು ಸತ್ತವನ ಪಕ್ಕದಲ್ಲೇ ಕೂತು ನೋಡಿಕೊಳ್ಳುವ ಗರಜು ಯಾರಿಗಿತ್ತು? ಆ ಚಿತ್ರಗಳು ತನ್ನವು ಎಂದು ಊರಿಗೆಲ್ಲ ಸಾರಿಕೊಂಡ ಸ್ಟುಡಿಯೋ ಮಾಲೀಕನಿಗೆ. ಪ್ರತಿಯೊಂದು ಗೆರೆಯೂ ತನ್ನ ಕೈಯದೇ ಎಂದು ಪೇಪರಿನವರಿಗೆ ಹೇಳಿಕೊಂಡವನಿಗೆ.

ಹೊರಡುವ ಮುಂಚೆ ಅವಳು ಪಹರೆಯವನಿಗೆ ಹೇಳಿದಳು, "ಇವನ ಕೋಳ ಯಾರೂ ತೆಗೀಬಾರದು. ಯಾರು ಹೇಳಿದ್ರೂ." ಕೋಳ ಬಿಚ್ಚಿಸಿಕೊಂಡವರು ಓಡಲು ನೋಡಿದರೆಂದು ಗುಂಡು ತಿನ್ನುವುದು ಅವಳಿಗೆ ಗೊತ್ತಿತ್ತು.

ಠಾಣೆಯ ಮೆಟ್ಟಿಲಲ್ಲಿ ಕೊಂಡಮ್ಮ ಕೂತಿದ್ದಳು. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡು ಬೇಯುವ ನೀರಿನಲ್ಲಿ ಕೈಯಾಡಿಸಿ ಎಳೆ ಹುಡುಕುವ ಕೆಲಸ ಅವಳದು. ಬೆರಳ ತುದಿಗಳು ಬೆಂದು ಬೆಳ್ಳಗಾಗಿದ್ದವು. ಒಬ್ಬ ಮಗನನ್ನು ಮಣ್ಣು ಮಾಡಿ ನೇರವಾಗಿ ಇಲ್ಲಿಗೆ ಬಂದವಳು ಇನ್ನೊಬ್ಬನನ್ನು ಕರೆದುಕೊಂಡೇ ಏಳುತ್ತೇನೆಂದು ಕೂತಿದ್ದಳು.

"ಅವ್ವ, ಜೀಪು ಹತ್ತು. ಜಗನ್ ಬರೆದ ಚಿತ್ರ ಇಟ್ಟಿರೋ ಕಡೆಗೆ ಹೋಗಣ."

"ಅಲ್ಲಿ ನಾನೇನು ಮಾಡ್ಲಿ ತಾಯಿ?"

"ನಿನ್ನ ಹೊಟ್ಟೆ ಏನು ಹೇಳುತ್ತೋ ಅದನ್ನ ಮಾಡು. ನಾನು ತಡೆಯಲ್ಲ."

*

ನಂದಿ ಬೆಟ್ಟದ ಬುಡದಲ್ಲಿ, ರಾಮಾಂಜಿನಪ್ಪನ ದ್ರಾಕ್ಷಿ ತೋಟದ ನಡುವೆ ಅಂತರರಾಷ್ಟ್ರೀಯ ಕಾರ್ಟೂನ್ ಮತ್ತು ಅನಿಮೇಷನ್ ಉತ್ಸವ. ಗಾಳಿ ತುಂಬಿದ ಆನೆ, ಗಾಳಿ ತುಂಬಿದ ಬೆಕ್ಕು, ಕೊರಳಿಗೆ ಬಿಲ್ಲೆ ಹಾಕಿಕೊಂಡ ದೇಶವಿದೇಶದವರು. ಹೊಸ ಜಿಲ್ಲೆಗೆ ಜಗತ್ತೇ ಬಂದಿದೆ ಎಂದು ಬ್ಯಾನರು. ಪರದೆಗಳ ಮೇಲೆ ಗೊಂಬೆಗಳು ಬಂಡೆಯಡಿ ಅಪ್ಪಚ್ಚಿಯಾಗಿ, ಮತ್ತೆ ಎದ್ದು ಓಡುತ್ತಿದ್ದವು. ಜನ ನಗುತ್ತಿದ್ದರು. ಗೊಂಬೆ ಬರೆದವನು ಅಪ್ಪಚ್ಚಿಯಾಗಿ ಏಳದೇ ಹೋದ ಸುದ್ದಿ ಅಲ್ಲಿಗೆ ಬಂದಿತ್ತು. ಅವನ ಹೆಸರಿನಲ್ಲಿ ಒಂದು ನಿಮಿಷ ಮೌನ ಆಚರಿಸಿ, ಆಮೇಲೆ ಊಟಕ್ಕೆ ಎದ್ದಿದ್ದರು.

ಬಹುಮಾನಕ್ಕೆ ನಿಂತಿದ್ದ ಚಿತ್ರದ ಹೆಸರು 'ಸೂರಿನ ಲೋಟ'. ಹೋಟೆಲಿನ ಹೊರಗೆ ಸೂರಿಗೆ ಸಿಕ್ಕಿಸಿಟ್ಟ ಲೋಟವೊಂದು ಒಂದು ದಿನ ತಾನಾಗಿ ಕೆಳಗಿಳಿದು, ರಸ್ತೆ ದಾಟಿ, ಒಳಗೆ ಹೋಗಿ ಎಲ್ಲರ ಮೇಜಿನ ಮೇಲೆ ಕೂರುತ್ತದೆ. ಅಷ್ಟೇ ಕಥೆ. ಕಟ್ಟಿದ ಕಥೆಯಲ್ಲ. ಗೌರಿಬಿದನೂರು ರಸ್ತೆಯಲ್ಲಿ ರಾಮಾಂಜಿನಪ್ಪನ ಹೋಟೆಲಿನ ಸೂರಿನಲ್ಲಿ ಅಂಥ ಲೋಟ ಇತ್ತು. ಅದನ್ನು ಇಳಿಸಿ, ತಾನೇ ತೊಳೆದು, ದೂರ ನಿಂತು ಟೀ ಹುಯ್ಯಿಸಿಕೊಳ್ಳುತ್ತಿದ್ದವನು ಜಗನ್‌ನ ಅಪ್ಪ ಚೆನ್ನರಾಯಪ್ಪ. ಅವನು ಸತ್ತ ಮೇಲೂ ಲೋಟ ಅಲ್ಲೇ ಇತ್ತು.

ಬಾಗಿಲಿನ ಪೋಸ್ಟರಿನಲ್ಲಿ ಲೋಟದ ಕೆಳಗೆ ದಪ್ಪಕ್ಷರ: ಕಥೆ, ಚಿತ್ರ, ನಿರ್ದೇಶನ, ನರೇಂದ್ರ. ರಾಮಾಂಜಿನಪ್ಪನ ಮಗ, ಸ್ಟುಡಿಯೋ ಮಾಲೀಕ. ಲೋಟವನ್ನು ಸೂರಿಗೆ ಸಿಕ್ಕಿಸಿದ ಮನೆಗೇ ಲೋಟದ ಕಥೆಯ ಬಹುಮಾನ. ಮುಟ್ಟಲೂ ಬಾರದ ಪಾತ್ರೆಯ ದುಃಖವನ್ನು ಮಾತ್ರ ಮುಟ್ಟಿ ಮನೆಗೊಯ್ಯಬಹುದು. ಅದಕ್ಕೆ ಮೈಲಿಗೆ ಇಲ್ಲ.

ಪ್ರದರ್ಶನದ ಶಾಮಿಯಾನದಲ್ಲಿ ನರೇಂದ್ರ ಬಿಳಿ ಜುಬ್ಬಾ ತೊಟ್ಟು ಮೈಕು ಹಿಡಿದಿದ್ದ. ಮುಂದೆ ಬೆಳಕಿನ ಮೇಜು, ಅದರ ಮೇಲೆ ಉಕ್ಕಿನ ಪಟ್ಟಿ, ಪಕ್ಕದಲ್ಲಿ ಲೋಟ ಸೂರಿನಿಂದ ಇಳಿಯುವ ದೃಶ್ಯದ ಮೂಲ ಚಿತ್ರಗಳ ಕಟ್ಟು. ಹೆಣದ ಪಕ್ಕ ಸಿಕ್ಕಿದ್ದು ಇದೇ ಸಿನಿಮಾದ ಇನ್ನೊಂದು ದೃಶ್ಯದ ಕಟ್ಟು. ಅದನ್ನು ಜೋಡಿಸಿಟ್ಟವಳು ಸ್ಟುಡಿಯೋದ ರೂಪ, ಜಗನ್ ಪಕ್ಕದ ಮೇಜಿನವಳು. ಈಗ ತೀರ್ಪುಗಾರರಿಗೆ ದುಭಾಷಿಯಾಗಿ ನಿಂತಿದ್ದಳು. ತೀರ್ಪುಗಾರರಲ್ಲಿ ಹಿರಿಯಳು ಪೋಲೆಂಡಿನ ಮುದುಕಿ. ಪೆನ್ಸಿಲ್ ಹಿಡಿದು ಹಿಡಿದು ಅವಳ ನಡುಬೆರಳಿಗೆ ಗಂಟು ಬಂದಿತ್ತು.

"ಒಂದೊಂದು ಹಾಳೇನೂ ನಾನು ಕಣ್ಣೀರಲ್ಲಿ ಬರೆದಿದ್ದು," ಎನ್ನುತ್ತಿದ್ದ ನರೇಂದ್ರ.

ಕೊಂಡಮ್ಮ ಜನವನ್ನು ಸೀಳಿಕೊಂಡು ಮೇಜಿನ ಹತ್ತಿರ ಹೋದಳು. ಮೇಲಿನ ಹಾಳೆಯನ್ನು ನೋಡಿದಳು. ಸೊಟ್ಟಗಿದ್ದ ಲೋಟ, ಕಂಠದ ಹತ್ತಿರ ಒಂದು ನಗ್ಗು. ಗಂಡ ಹಿಡಿಯುತ್ತಿದ್ದ ಲೋಟದ ನಗ್ಗು.

"ಇದು ನನ್ನ ಗಂಡನ ಲೋಟ," ಎಂದಳು. ಆಮೇಲೆ ಎರಡೂ ಕೈಯಿಂದ ಕಟ್ಟನ್ನು ಎತ್ತಿ ಗಾಳಿಗೆ ಎರಚಿದಳು.

ಹಾಳೆಗಳು ತಲೆಗಳ ಮೇಲೆಲ್ಲ ಹಾರಿ ನೆಲಕ್ಕೆ ಹರಡಿದವು. ತೋಟದ ಆಳೊಬ್ಬ ನುಗ್ಗಿ ಕೊಂಡಮ್ಮನ ಜುಟ್ಟು ಹಿಡಿದು ಕೆನ್ನೆಗೆ ಬಾರಿಸಿದ. ಅವಳು ಕುರ್ಚಿಗಳ ಮೇಲೆ ಬಿದ್ದಳು. ಎರಡನೇ ಏಟಿಗೆ ಎತ್ತಿದ ಅವನ ಕೈಯನ್ನು ಹರಿಣಿ ಹಿಂದಕ್ಕೆ ತಿರುಚಿದಳು. ಮೊಳಕೈ ಲಟಕ್ಕೆಂದಿತು. ಅವನು ಮೇಜಿನ ಕಾಲಿನ ಹತ್ತಿರ ಕುಸಿದು ಕರುವಿನ ಹಾಗೆ ಒರಲಿದ.

"ಬಿಡಿ, ಬಿಡಿ. ಮಗ ಸತ್ತ ಸಂಕಟ ಪಾಪ," ಎಂದು ನರೇಂದ್ರ ಮೈಕಿನಲ್ಲಿ ಹೇಳಿದ. ಕ್ಯಾಮೆರಾಗಳು ಅವನ ಕಡೆ ತಿರುಗಿದವು. ರೂಪ ಹಾಳೆ ಆರಿಸಲು ಬಗ್ಗಿದಳು.

"ಯಾರೂ ಮುಟ್ಟಬೇಡಿ," ಎಂದಳು ಹರಿಣಿ. "ಕಣ್ಣೀರಲ್ಲಿ ಬರೆದ ಚಿತ್ರ. ಬರೆದೋರೇ ಜೋಡಿಸಲಿ. ಅಲ್ವಾ ನರೇಂದ್ರ ಅವರೇ?"

ನರೇಂದ್ರ ನಕ್ಕ. ಜುಬ್ಬಾದ ತೋಳು ಮಡಚಿ ನೆಲಕ್ಕೆ ಮಂಡಿಯೂರಿದ. ಒಂದೊಂದೇ ಹಾಳೆ ಎತ್ತಿ, ಮೂಲೆಯ ಅಂಕಿ ನೋಡಿ, ನಾಜೂಕಾಗಿ ಸರಿಯಿಟ್ಟ. ಶಾಮಿಯಾನದಲ್ಲಿ ಮಾತು ಕಡಿಮೆಯಾಗುತ್ತಾ ಬಂತು. ಮೊದಲು ಸುಮ್ಮನಾದವರು ಚಿತ್ರ ಬರೆಯುವವರು. ಆಮೇಲೆ ಅವರ ಮುಖ ನೋಡಿದವರು.

ಅವನು ಕಟ್ಟನ್ನು ಮೇಜಿಗೆ ಕುಟ್ಟಿ ಅಂಚು ಸಮ ಮಾಡಿ ಇಟ್ಟ. ಒಂದನೆಯ ಅಂಕಿ ಮೇಲೆ.

ಪೋಲೆಂಡಿನ ಮುದುಕಿ ಎದ್ದು ಬಂದಳು. ಯಾರನ್ನೂ ಕೇಳದೆ ಕಟ್ಟನ್ನು ಕೈಗೆತ್ತಿಕೊಂಡು, ಅಂಚು ಬಾಗಿಸಿ, ಅಡಿಯಿಂದ ಬಿಟ್ಟಳು. ಬದುಕಿಡೀ ಮಾಡಿದ ಕೆಲಸ. ಹಾಳೆಗಳು ಪಟಪಟನೆ ಬಿದ್ದವು.

ಹಾಳೆಗಳ ಮೇಲೆ ಲೋಟ ಹಿಂದಕ್ಕೆ ನಡೆಯಿತು. ರಸ್ತೆಯಿಂದ ಅಂಗಳಕ್ಕೆ, ಅಂಗಳದಿಂದ ಗೋಡೆಗೆ, ಗೋಡೆ ಹತ್ತಿ ಮತ್ತೆ ಅದೇ ಸೂರಿಗೆ ಹೋಗಿ ಸಿಕ್ಕಿಕೊಂಡಿತು.

ಮುದುಕಿ ಇನ್ನೊಂದು ಸಲ ಬಿಟ್ಟಳು. ಇನ್ನೊಂದು ಸಲವೂ ಹಿಂದಕ್ಕೇ. ನರೇಂದ್ರನ ಬೆರಳುಗಳನ್ನೇ ನೋಡುತ್ತಾ ಮೆಲ್ಲಗೆ ಏನೋ ಹೇಳಿದಳು.

"ಏನಂತಾರಮ್ಮ?" ಎಂದಳು ಹರಿಣಿ.

ರೂಪ ನರೇಂದ್ರನ ಕಡೆ ನೋಡದೆ ಹೇಳಿದಳು. "ಇದನ್ನ ಬರೆದ ಕೈ ಈ ಕೈ ಅಲ್ಲ ಅಂತಾರೆ ಮೇಡಂ."

"ಟೆನ್ಷನ್ನು. ಇಷ್ಟು ಜನದ ಮುಂದೆ..." ನರೇಂದ್ರ ನಗಲು ನೋಡಿದ.

ಹರಿಣಿ ಜೇಬಿನಿಂದ ಫೋಟೋ ತೆಗೆದು ಬೆಳಕಿನ ಮೇಜಿನ ಮೇಲಿಟ್ಟಳು. ಜಗನ್‌ನ ಒಡೆದ ತಲೆ. ಪಕ್ಕದಲ್ಲಿ ನೀಟಾಗಿ ಜೋಡಿಸಿದ ಕಟ್ಟು. ಮೇಲಿನ ಹಾಳೆಯಲ್ಲಿ ಒಂದನೆಯ ಅಂಕಿ, ಅದರ ಪಕ್ಕ ಕಲೆ.

"ಅವತ್ತೂ ಟೆನ್ಷನ್ ಇತ್ತಾ? ಅವನ ಹೆಸರು ತೆಗೆದು ನಿಮ್ಮದು ಹಾಕಿದ್ದು ಗೊತ್ತಾಗಿ ಅವನು ತನ್ನ ಚಿತ್ರ ವಾಪಸ್ ಒಯ್ಯೋಕೆ ಬಂದಿದ್ದ. ನೀವು ಬೆರಳು ಜಜ್ಜಿದ್ರಿ. ಆಮೇಲೆ ತಲೆ. ಆಮೇಲೆ ಎಲ್ಲಾ ಹಾಳೆ ಇದೆಯಾ ಅಂತ ನೋಡಿ ಜೋಡಿಸಿಟ್ರಿ, ಶಾಲೆ ಪುಸ್ತಕ ಜೋಡಿಸೋ ಹಂಗೆ. ಅವರಣ್ಣ ಜೋಡಿಸಿದ್ರೆ ಒಂದು ಅಡೀಲಿರೋದು. ನಿಮ್ಮ ಸ್ಟುಡಿಯೋದಲ್ಲಿ ಒಂದನ್ನ ಮೇಲಿಡೋ ಕೈ ಒಂದೇ."

"ಏಯ್," ಎಂದ ನರೇಂದ್ರ. ಜುಬ್ಬಾ, ಮೈಕು, ಕಣ್ಣೀರು ಎಲ್ಲ ಆ ಒಂದು ಶಬ್ದದಲ್ಲಿ ಉದುರಿ ಹೋದವು. "ಸಂಬಳ ಕೊಟ್ಟಿದ್ದು ನಾನು. ಕಾಗದ ನನ್ದು, ಲೈಟು ನನ್ದು. ಟೇಬಲ್ಲಿಗೆ ಕೂರಿಸಿದ್ದಕ್ಕೆ ಕಥೇನೇ ತನ್ದು ಅಂತಾನೆ ನನ್ಮಗ."

ಕೈ ಮೇಜಿನ ಮೇಲಿನ ಉಕ್ಕಿನ ಪಟ್ಟಿಗೆ ಹೋದದ್ದು ಯಾರಿಗೂ ಕಾಣಲಿಲ್ಲ. ಬೀಸಿದ್ದು ಕಂಡಿತು. ಹರಿಣಿ ತಲೆ ತಪ್ಪಿಸಿದಳು, ಭುಜ ತಪ್ಪಲಿಲ್ಲ. ಮೂರು ಗೂಟಗಳೂ ಖಾಕಿ ಹರಿದು ಮಾಂಸಕ್ಕಿಳಿದವು. ಅವನು ಕಿತ್ತು ಮತ್ತೆ ಎತ್ತಿದ. ಅವಳು ಹಿಂದೆ ಸರಿಯಲಿಲ್ಲ, ಅವನ ಎದೆಗೇ ನುಗ್ಗಿದಳು. ಇಬ್ಬರೂ ಬೆಳಕಿನ ಮೇಜಿನ ಮೇಲೆ ಬಿದ್ದರು. ಗಾಜು ಒಡೆಯಿತು. ಅವನ ಕೆನ್ನೆ ಗಾಜಿನ ಚೂರುಗಳ ಮೇಲೆ ಉಜ್ಜಿತು. ಪಟ್ಟಿ ಹಿಡಿದ ಮಣಿಕಟ್ಟನ್ನು ಅವಳು ಮೇಜಿನ ಅಂಚಿಗೆ ಕುಟ್ಟಿದಳು. ಬಿಡಲಿಲ್ಲ. ಇನ್ನೊಮ್ಮೆ. ಎಲುಬು ಮುರಿದ ಮೇಲೆ ಬಿಟ್ಟ.

ಕೋಳ ಬಿದ್ದಾಗ ಅವನ ಜುಬ್ಬಾದಲ್ಲಿ ಬಿಳಿ ಉಳಿದಿರಲಿಲ್ಲ. ಅದರಲ್ಲಿ ಅವನದೆಷ್ಟು, ಹರಿಣಿಯದೆಷ್ಟು ನೆತ್ತರು ಎಂದು ಹೇಳುವ ಹಾಗೂ ಇರಲಿಲ್ಲ.

ಜನ ಓಡಿದ್ದರು. ಉಳಿದವರು ಮುದುಕಿ, ರೂಪ, ಕೊಂಡಮ್ಮ. ಮತ್ತೆ ಹಿಂದಿನ ಸಾಲಿನಿಂದ ಎದ್ದು ಬಂದ ರಾಮಾಂಜಿನಪ್ಪ. ಮಗನ ಮುಖ ನೋಡಿದ.

"ಊರಕೆ ಉಂಡ್ರಾ," ಎಂದು ಒರಲುತ್ತಿದ್ದ ಮಗನನ್ನು ತೆಲುಗಿನಲ್ಲಿ ಸುಮ್ಮನಾಗಿಸಿ ಹರಿಣಿಯ ಕಡೆ ತಿರುಗಿದ. "ಏನಮ್ಮ, ಕೋಳದ ಕೀ ಎಲ್ಲೈತೆ?"

"ನನ್ನ ಹತ್ರ."

"ಬಿಚ್ಚು."

ಅವಳು ಜೇಬಿನ ಮೇಲೆ ಕೈಯಿಟ್ಟುಕೊಂಡಳು. ರಾಮಾಂಜಿನಪ್ಪ ಮೊಬೈಲು ತೆಗೆದು ಗುಂಡಿ ಒತ್ತಿ, ಎಲ್ಲರಿಗೂ ಕೇಳುವ ಹಾಗೆ ಸ್ಪೀಕರಿಗೆ ಹಾಕಿ ಒಡೆದ ಮೇಜಿನ ಮೇಲಿಟ್ಟ.

"ಹೇಳಿ ಯಜಮಾನ್ರೇ," ಎಂದಿತು ಗಂಗುಲಪ್ಪನ ದನಿ. ಹಿಂದೆ ಗಾಳಿಯ ಸದ್ದು. "ಕಲ್ಲು ಕ್ವಾರಿ ಹತ್ರ ಇದ್ದೀವಿ. ಸ್ಥಳ ಮಹಜರು ಅಂತ ಬರ್ಕೊಂಡು ಕರ್ಕೊಂಡು ಬಂದಿದೀನಿ. ನಾನೂ ಹುಡುಗಾನೂ ಇಬ್ರೇ."

"ಕೋಳ?"

"ತೆಗೆದಿದೀನಿ. ಓಡೋಕೆ ನೋಡ್ದ ಅಂತ ಆಗ್ಬೇಕಲ್ಲ."

ಹರಿಣಿಗೆ ಭುಜದ ನೋವು ಆಗ ತಿಳಿಯಿತು. ಕ್ವಾರಿ ಬೆಟ್ಟದ ಆಚೆ ಮಗ್ಗುಲು. ಜೀಪಿನಲ್ಲಿ ಹೋದರೂ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ.

"ನನ್ನ ಮಗನ್ನ ಬಿಟ್ರೆ ಇವಳ ಮಗ ಮನೆಗೆ ಬರ್ತಾನೆ," ಎಂದ ರಾಮಾಂಜಿನಪ್ಪ, ತರಕಾರಿ ಮಂಡಿಯಲ್ಲಿ ಮಾತಾಡುವ ದನಿಯಲ್ಲಿ. "ಸತ್ತೋನು ಹೆಂಗೂ ಸತ್ತ. ಕೊಂಡಮ್ಮ, ನೀನೇ ಹೇಳು. ಇರೋನು ಬೇಕಾ, ಹೋದೋನ ನ್ಯಾಯ ಬೇಕಾ?"

ಕೊಂಡಮ್ಮ ಕುರ್ಚಿ ಹಿಡಿದು ಎದ್ದಳು. ಹರಿಣಿಯ ಮುಂದೆ ಬೆಂದ ಕೈ ಚಾಚಿದಳು. ಹರಿಣಿ ಅವಳ ಕಣ್ಣು ನೋಡಿದಳು. ಕೀಲಿಕೈಯನ್ನು ಆ ಅಂಗೈಯಲ್ಲಿಟ್ಟಳು. ಅದನ್ನು ತಾನು ನಿರ್ಧರಿಸುವ ಹಕ್ಕು ಯಾವ ಕಾನೂನಿನಲ್ಲಿದ್ದರೂ ಆ ಕ್ಷಣಕ್ಕೆ ಅವಳಿಗೆ ಬೇಡವಾಗಿತ್ತು.

ಕೊಂಡಮ್ಮ ಫೋನಿಗೆ ಬಗ್ಗಿದಳು.

"ಮೂರ್ತೀ. ಇದೀಯೇನಪ್ಪ?"

ಗಾಳಿ. ಆ ಕಡೆಯ ಫೋನೂ ಸ್ಪೀಕರಿನಲ್ಲಿತ್ತು. ಆಮೇಲೆ ದೂರದಿಂದ, "ಇದೀನಮ್ಮ."

"ಕೈ ಎಂಗೈತಪ್ಪ?"

"ಐತಮ್ಮ. ಅಮ್ಮ, ಜಗ್ಗನ ಚಿತ್ರ ಹೆಂಗಿದ್ವು? ನೋಡಿದ್ಯಾ?"

"ನೋಡ್ದೆ. ನಿಮ್ಮಪ್ಪನ ಲೋಟ. ನಗ್ಗು ಸಮೇತ ಬರೆದವ್ನೆ."

"ಹಂಗಾದ್ರೆ ಅವನನ್ನ ಬಿಡಿಸಬೇಡಮ್ಮ."

ಕೊಂಡಮ್ಮನ ಕೈ ಮುಚ್ಚಿಕೊಂಡಿತು. ಕೀಲಿಕೈ ಮುಷ್ಟಿಯೊಳಗೆ ಹೋಯಿತು. ಅವಳು ನೆಟ್ಟಗೆ ನಿಂತಳು. ಹುಟ್ಟಿದಾಗಿನಿಂದ ಸೋಮಿ ಎಂದು ಕರೆದವನನ್ನು ಮೊದಲ ಸಲ ಹೆಸರು ಹಿಡಿದು ಕರೆದಳು.

"ರಾಮಾಂಜಿನಪ್ಪ. ನಾನು..."

ಫೋನಿನಲ್ಲಿ ಗುಂಡು ಹಾರಿತು.

ಸದ್ದು ಕ್ವಾರಿಯ ಕಲ್ಲುಗಳಿಗೆ ಬಡಿದು ಬಡಿದು ವಾಪಸು ಬಂತು. ಆಮೇಲೆ ಗಾಳಿ ಮಾತ್ರ. ರಾಮಾಂಜಿನಪ್ಪ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಬಾಯಿಗೆ ತಂದ.

"ಗಂಗುಲಪ್ಪ. ಏಯ್ ಗಂಗುಲಪ್ಪ. ನಾನಿನ್ನೂ ಹೇಳೇ ಇಲ್ವಲ್ಲಯ್ಯಾ."

ಜಲ್ಲಿಯ ಮೇಲೆ ಒಂದೇ ಒಂದು ಜೊತೆ ಹೆಜ್ಜೆ ಕೇಳಿತು. ಹೆಜ್ಜೆ ನಿಂತಿತು. ಯಾರೋ ಬಗ್ಗಿ ನೆಲದಿಂದ ಫೋನು ಎತ್ತಿಕೊಂಡರು.

ಕೊಂಡಮ್ಮ ರಾಮಾಂಜಿನಪ್ಪನ ಕೈಯಿಂದ ಮೊಬೈಲು ಕಿತ್ತು ಕಿವಿಗೆ ಒತ್ತಿಕೊಂಡಳು. ಆ ಕಡೆ ಉಸಿರು ಮಾತ್ರ ಇತ್ತು, ಮೂರ್ತಿಯ ಒಡೆದ ಬಾಯಿಯ ಉಸಿರೋ, ಗಂಗುಲಪ್ಪನ ದಣಿದ ಉಸಿರೋ. ಕಣ್ಣು ಮುಚ್ಚಿ, ಮುಷ್ಟಿ ಬಿಚ್ಚದೆ, ಅದು ತಾನು ಹೆತ್ತ ಉಸಿರೇ ಅಲ್ಲವೇ ಎಂದು ಅವಳು ಕೇಳುತ್ತಾ ನಿಂತಳು.